ಪ್ರೌಢಶಾಲೆಯಲ್ಲಿ ಜಾತಿ, ಭಾಷೆ, ಸೀಮೆಯ ಹೆಸರಿನ ಪೀಡನೆ: ಅಪಾಯ ಎಲ್ಲಿ ಹುಟ್ಟುತ್ತದೆ ಎಂದು ಕಂಡುಕೊಳ್ಳುವ ಬಗೆ

ಪ್ರೌಢಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ರೇಗಿಸುವುದು ಹೊಸದಲ್ಲ. ರೇಗಿಸಿದ್ದೆಲ್ಲವೂ ಪೀಡನೆಯೂ ಅಲ್ಲ. ಆದರೆ ಒಬ್ಬ ವಿದ್ಯಾರ್ಥಿಯನ್ನು ಅವನ ಜಾತಿ, ಬುಡಕಟ್ಟು, ಧರ್ಮ, ಮನೆಮಾತು, ಮುಖಚಹರೆ ಅಥವಾ ಹುಟ್ಟಿದ ಸೀಮೆಯನ್ನು ಎತ್ತಿ ಹಂಗಿಸಿದಾಗ ವಿಷಯ ಬೇರೆಯಾಗುತ್ತದೆ. ಕನ್ನಡಕ ಹಾಕಿದವನನ್ನು ಗೇಲಿ ಮಾಡಿದರೆ ಅದು ಅವನೊಬ್ಬನಿಗೆ ತಗಲುತ್ತದೆ. ಜಾತಿ ಹಿಡಿದು ಆಡಿಕೊಂಡರೆ ಅವನ ತಂದೆ, ತಾಯಿ, ಅಜ್ಜಿ ಮತ್ತು ಇಡೀ ಕೇರಿಗೆ ತಗಲುತ್ತದೆ. ಹಾಗಾಗಿಯೇ ಆ ಮಗು ಅದನ್ನು ಮನೆಯಲ್ಲಿ ಹೇಳಿಕೊಳ್ಳಲು ಹಿಂಜರಿಯುತ್ತದೆ, ಏಕೆಂದರೆ ಹೇಳಿದರೆ ನೋಯುವವರು ಮನೆಯವರೇ. ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳೊಂದಿಗೆ ಕೆಲಸ ಮಾಡುವ ಮುಖ್ಯ ಶಿಕ್ಷಕರು, ತರಗತಿ ಶಿಕ್ಷಕರು, ಹಾಸ್ಟೆಲ್ ಮೇಲ್ವಿಚಾರಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ತಮ್ಮ ಶಾಲೆಯಲ್ಲಿ ಇಂತಹ ಪೀಡನೆಗೆ ದಾರಿಯಾಗುವ ಅಂಶಗಳನ್ನು ಮುಂಚಿತವಾಗಿ ಗುರುತಿಸಲು ಏನು ಮಾಡಬಹುದು ಎಂಬುದನ್ನು ಈ ಬರಹ ವಿವರಿಸುತ್ತದೆ.

ಪೀಡನೆಯನ್ನು ಮೊದಲು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರಲ್ಲಿ ಪ್ರಮುಖರಾದ ಡಾನ್ ಓಲ್ವಿಯಸ್ ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸುವ ಉದ್ದೇಶ, ಪುನರಾವರ್ತನೆ ಮತ್ತು ಬಲದ ಅಸಮತೋಲನ. ನಮ್ಮ ಶಾಲೆಗಳಿಗೆ ಇದನ್ನು ಅನ್ವಯಿಸುವಾಗ ಎರಡನೆಯ ಲಕ್ಷಣವನ್ನು ಸ್ವಲ್ಪ ಬೇರೆಯಾಗಿ ಓದಬೇಕು ಎಂಬುದು ನನ್ನ ಅಭಿಪ್ರಾಯ. ಸೋಮವಾರ ಒಬ್ಬ, ಬುಧವಾರ ಮತ್ತೊಬ್ಬ, ಶನಿವಾರ ಮೂರನೆಯವನು ಅದೇ ಮಾತನ್ನು ಅಂದರೆ, ಅಂದ ಪ್ರತಿಯೊಬ್ಬನೂ 'ನಾನು ಒಂದೇ ಸಲ ಅಂದದ್ದು' ಎನ್ನಬಹುದು. ಕೇಳಿಸಿಕೊಂಡ ಮಗುವಿಗೆ ಮಾತ್ರ ಅದು ಮೂರನೆಯ ಸಲ. ಎಷ್ಟು ಸಲ ಎಂಬುದನ್ನು ಆಡಿದವನ ಕಡೆಯಿಂದಲ್ಲ, ಕೇಳಿಸಿಕೊಂಡವನ ಕಡೆಯಿಂದ ಎಣಿಸಬೇಕು.

ದೂರು ಬಂದಾಗ ಶಾಲೆಗಳು ಸಾಮಾನ್ಯವಾಗಿ 'ಕೆಟ್ಟ ಹುಡುಗ'ನನ್ನು ಹುಡುಕಲು ಹೊರಡುತ್ತವೆ. ಅಂಥವನು ಸಿಗುತ್ತಾನೆ ಕೂಡ. ಆದರೆ ಅವನಿಗೆ ಆ ಮಾತನ್ನು, ಆ ಗುರಿಯನ್ನು ಮತ್ತು ನಗುವ ಸಭೆಯನ್ನು ಒದಗಿಸಿಕೊಟ್ಟದ್ದು ಬಹಳಷ್ಟು ಸಲ ಶಾಲೆಯ ದಿನಚರಿಯೇ ಆಗಿರುತ್ತದೆ. ಆದ್ದರಿಂದ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಶಾಲೆಯ ದಿನಚರಿಯನ್ನು ಮೊದಲು ನೋಡಿ

ಒಂದು ವಾರ, ಯಾರಿಗೂ ಹೇಳದೆ, ನಿಮ್ಮ ಶಾಲೆಯಲ್ಲಿ ಮಗುವಿನ ಸಮುದಾಯ ಯಾವ ಯಾವ ಗಳಿಗೆಯಲ್ಲಿ ಎಲ್ಲರೆದುರು ಬಯಲಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಮೊದಲು ಕಣ್ಣಿಗೆ ಬೀಳುವುದು ವಿದ್ಯಾರ್ಥಿವೇತನದ ಕೆಲಸ. ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಬೇಕು, ಕೊನೆಯ ದಿನಾಂಕ ಹತ್ತಿರವಾಗಿರುತ್ತದೆ. ಅವಸರದಲ್ಲಿ ಶಿಕ್ಷಕರು ತರಗತಿಗೆ ಬಂದು 'ಎಸ್‌ಸಿ, ಎಸ್‌ಟಿ ಮಕ್ಕಳೆಲ್ಲ ಎದ್ದು ನಿಲ್ಲಿ' ಎನ್ನುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಆವರೆಗೆ ಬರೀ ಗೆಳೆಯರಾಗಿದ್ದ ನಲವತ್ತು ಮಕ್ಕಳು ಆ ಅರ್ಧ ನಿಮಿಷದಲ್ಲಿ ನಿಂತವರು ಮತ್ತು ಕುಳಿತವರು ಎಂದು ಎರಡು ಪಾಲಾಗುತ್ತಾರೆ. ಅಂದು ಮಧ್ಯಾಹ್ನವೇ 'ನಿಮಗೇನಪ್ಪ, ದುಡ್ಡು ಬರುತ್ತೆ' ಎಂಬ ಮಾತು ಹುಟ್ಟುತ್ತದೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ ಅದು 'ನಿಮಗೆ ಕೋಟಾ ಇದೆ' ಎಂದಾಗುತ್ತದೆ. ಇದಕ್ಕೆ ಪರಿಹಾರ ತೀರಾ ಸರಳ: ಬೇಕಾದ ಮಾಹಿತಿ ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ಎಂಬ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ ಆಗಲೇ ಇರುತ್ತದೆ, ಪಟ್ಟಿಯನ್ನು ಅಲ್ಲಿಂದ ತೆಗೆದು, ಮಕ್ಕಳನ್ನು ಒಬ್ಬೊಬ್ಬರಾಗಿ ಕಚೇರಿಗೆ ಕರೆಸಿ ಅಥವಾ ಪಾಲಕರಿಗೇ ನೇರವಾಗಿ ತಿಳಿಸಿ. ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಪ್ರವರ್ಗ ಬರೆಯುವ ರೂಢಿಯಿದ್ದರೆ ಆ ಪುಟ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಏಕೆಂದರೆ ಪುಸ್ತಕವನ್ನು ಸ್ಟಾಫ್ ರೂಮಿನಿಂದ ತರುವವನು ಕ್ಲಾಸ್ ಲೀಡರ್.

ಎರಡನೆಯದು ಬಿಸಿಯೂಟ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಇದೆ, ಮತ್ತು ಆಯ್ಕೆ ಇರುವುದು ಸರಿಯಾದದ್ದೇ. ಆದರೆ ಮೊಟ್ಟೆಗೊಂದು ಸಾಲು, ಬಾಳೆಹಣ್ಣಿಗೊಂದು ಸಾಲು ಎಂದು ನಿಲ್ಲಿಸಿದರೆ ಎರಡು ಸಾಲುಗಳು ನಿಧಾನವಾಗಿ ಎರಡು ಪಂಕ್ತಿಗಳಾಗುತ್ತವೆ. 'ವಾಸನೆ', 'ಅತ್ತ ಹೋಗು' ಎಂಬ ಮಾತುಗಳು ಅಲ್ಲಿಂದ ಶುರುವಾಗುತ್ತವೆ. ಒಂದೇ ಸಾಲು, ಒಂದೇ ಮೇಜು, ತಟ್ಟೆ ಮುಂದೆ ಬಂದಾಗ ಮಗು ಕೇಳಿದ್ದನ್ನು ಕೊಡುವುದು, ತರಗತಿಯ ಹಾಜರಿ ಕ್ರಮದಲ್ಲಿ ಕೂರಿಸುವುದು ಇಷ್ಟು ಮಾಡಿದರೆ ಬಹುಪಾಲು ತೊಂದರೆ ತಪ್ಪುತ್ತದೆ. ಅಡುಗೆಯವರು ದಲಿತ ಮಹಿಳೆ ಎಂಬ ಕಾರಣಕ್ಕೆ ಪಾಲಕರು ಮಕ್ಕಳನ್ನು ಊಟ ಬಿಡಿಸಿದ ಅಥವಾ ಶಾಲೆಯಿಂದಲೇ ಬಿಡಿಸಿಕೊಂಡು ಹೋದ ಘಟನೆಗಳು ನಮ್ಮ ರಾಜ್ಯದಲ್ಲೇ ವರದಿಯಾಗಿವೆ. ಅಂತಹ ಕಡೆ ಶಿಕ್ಷಕರು ಮಕ್ಕಳ ಜೊತೆ ಅದೇ ನೆಲದಲ್ಲಿ ಕುಳಿತು ಅದೇ ಅನ್ನ ಉಣ್ಣುವುದಕ್ಕಿಂತ ಸ್ಪಷ್ಟವಾದ ಸೂಚನೆ ಬೇರೊಂದಿಲ್ಲ.

ಮೂರನೆಯದು ವಿಭಾಗಗಳ ಹಂಚಿಕೆ. ಅಂಕದ ಆಧಾರದಲ್ಲಿ ಅಥವಾ ಮಾಧ್ಯಮದ ಆಧಾರದಲ್ಲಿ 'ಎ', 'ಬಿ' ವಿಭಾಗ ಮಾಡಿದಾಗ, ಯಾರೂ ಬಯಸದಿದ್ದರೂ, ಒಂದು ಕೊಠಡಿಯಲ್ಲಿ ಪೇಟೆಯ ಮಕ್ಕಳೂ ಇನ್ನೊಂದರಲ್ಲಿ ಹಾಸ್ಟೆಲ್ ಮಕ್ಕಳೂ ತಾಂಡಾದ ಮಕ್ಕಳೂ ತುಂಬಿಕೊಳ್ಳುತ್ತಾರೆ. ಹಾಗೆ ಆದ ಮೇಲೆ 'ಬಿ ಸೆಕ್ಷನ್' ಎಂಬುದೇ ಒಂದು ಬೈಗುಳವಾಗುತ್ತದೆ. ಜೂನ್ ತಿಂಗಳಲ್ಲಿ ವಿಭಾಗ ಮಾಡುವಾಗಲೇ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಇದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನೆರೆಯ ತಮಿಳುನಾಡು ಸಾಕ್ಷಿ. 2023ರ ಆಗಸ್ಟ್‌ನಲ್ಲಿ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಯೊಬ್ಬನ ಮನೆಗೆ ಅವನ ಶಾಲೆಯ ಹುಡುಗರೇ ನುಗ್ಗಿ ಅವನನ್ನೂ ಅವನ ತಂಗಿಯನ್ನೂ ಮಚ್ಚಿನಿಂದ ಕೊಚ್ಚಿದರು. ಅದಕ್ಕೆ ಮುನ್ನ ಶಾಲೆಯಲ್ಲಿ ಕಿರುಕುಳ ನಡೆದಿತ್ತು, ದೂರೂ ಹೋಗಿತ್ತು. ಆ ಬಳಿಕ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿ 2024ರ ಜೂನ್‌ನಲ್ಲಿ ವರದಿ ಕೊಟ್ಟಿತು. ಜಾತಿ ಸೂಚಿಸುವ ಬಣ್ಣದ ಕೈದಾರಗಳನ್ನು ನಿಷೇಧಿಸಬೇಕು, ಶಾಲೆಗಳ ಹೆಸರಿನಲ್ಲಿರುವ ಜಾತಿಸೂಚಕ ಪದಗಳನ್ನು ತೆಗೆಯಬೇಕು ಎಂಬ ಸಲಹೆಗಳು ಅದರಲ್ಲಿದ್ದವು. ಕೈದಾರ ನಿಷೇಧದ ಬಗ್ಗೆ ಆಗ ಬಹಳ ಚರ್ಚೆಯಾಯಿತು. ಆದರೆ ಗಮನಿಸಬೇಕಾದ್ದು ಬೇರೆ: ಆ ಸಮಿತಿ ಹುಡುಗರ ಮನಸ್ಸಿನ ಬಗ್ಗೆ ಮಾತ್ರ ಮಾತನಾಡಲಿಲ್ಲ, ಫಲಕ, ಹೆಸರು, ದಾರಗಳಂತಹ ಕಣ್ಣಿಗೆ ಕಾಣುವ ವಸ್ತುಗಳತ್ತಲೂ ಬೆರಳು ತೋರಿಸಿತು.

ಪೀಡಿಸುವ ಮಗುವಿನಲ್ಲಿ ಏನನ್ನು ಗಮನಿಸಬೇಕು

ಹನ್ನೆರಡು, ಹದಿಮೂರರ ವಯಸ್ಸಿನಲ್ಲಿ ಮಕ್ಕಳಿಗೆ ಗೆಳೆಯರ ನಡುವಿನ ಸ್ಥಾನ ತಂದೆತಾಯಿಯ ಮೆಚ್ಚುಗೆಗಿಂತ ದೊಡ್ಡದಾಗಿ ಕಾಣತೊಡಗುತ್ತದೆ. ಆ ಸ್ಥಾನವನ್ನು ಅಗ್ಗವಾಗಿ ಗಳಿಸುವ ದಾರಿಯೆಂದರೆ ತನಗಿಂತ ಕೆಳಗಿನವನೆಂದು ಊರು ಈಗಾಗಲೇ ತೀರ್ಮಾನಿಸಿದವನನ್ನು ತುಳಿಯುವುದು. ವಲಸಿಗರ ಬಗೆಗಿನ ಕೀಳು ಧೋರಣೆ ಮತ್ತು ದುಡುಕು ಸ್ವಭಾವ ಎರಡೂ ಇರುವ ಮಕ್ಕಳು ಇಂತಹ ಪೀಡನೆಗೆ ಇಳಿಯುವ ಸಾಧ್ಯತೆ ಹೆಚ್ಚು ಎಂದು ಸ್ವೀಡನ್ನಿನ ಹದಿಹರೆಯದವರ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಧೋರಣೆ ಮನೆಯಿಂದಲೂ ಊರಿನಿಂದಲೂ ಬರುತ್ತದೆ. ದುಡುಕು ವಯಸ್ಸಿನದು, ಅಭ್ಯಾಸದಿಂದ ತಗ್ಗಬಲ್ಲದು. ಇವೆರಡನ್ನೂ ಬೇರೆ ಬೇರೆಯಾಗಿ ಕಾಣಬೇಕು. ಪಾಠದ ನಡುವೆ ಬಾಯಿಹಾಕುವ, ಸೋತರೆ ಬ್ಯಾಟ್ ಎಸೆಯುವ ಹುಡುಗನೆಲ್ಲ ಜಾತಿವಾದಿಯಲ್ಲ. ಹಾಗೆಯೇ ತಣ್ಣಗೆ, ನಗುತ್ತ, ಹಿರಿಯರೆದುರು ಕೈಮುಗಿಯುತ್ತ, ಬೆನ್ನ ಹಿಂದೆ ಒಬ್ಬಳನ್ನು ಇಡೀ ತರಗತಿ ಮಾತನಾಡಿಸದಂತೆ ಮಾಡುವ ಮಗು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹುಡುಗಿಯರ ನಡುವೆ ಹೀಗೆ ಹೊರಗಿಡುವುದೇ ಹೆಚ್ಚು ಎಂಬುದನ್ನೂ ನೆನಪಿಡಬೇಕು.

ಮಾತಿನ ಧಾಟಿಗೂ ಕಿವಿಗೊಡಿ. 'ತಮಾಷೆಗೆ ಸಾರ್', 'ಎಲ್ಲರೂ ಹಾಗೇ ಕರೀತಾರೆ', 'ಅವನಿಗೇನೂ ಬೇಜಾರಿಲ್ಲ' ಎಂಬ ಮೂರು ಉತ್ತರಗಳು ಎಲ್ಲ ಊರಿನಲ್ಲೂ ಸಿಗುತ್ತವೆ. ಮನಸ್ಸಾಕ್ಷಿ ಚುಚ್ಚದಂತೆ ಮಾಡಿಕೊಳ್ಳುವ ಇಂತಹ ಜಾಣತನವನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ವಿವರವಾಗಿ ವಿಶ್ಲೇಷಿಸಿದ್ದಾರೆ: ಕೃತ್ಯಕ್ಕೆ ಹಗುರವಾದ ಹೆಸರಿಡುವುದು, ಹೊಣೆಯನ್ನು ಗುಂಪಿನ ಮೇಲೆ ಹಾಕುವುದು, ಪರಿಣಾಮವನ್ನೇ ಅಲ್ಲಗಳೆಯುವುದು. ಈ ಉತ್ತರಗಳು ಬೇಗನೆ, ಸಲೀಸಾಗಿ ಬಂದರೆ ಅಂದದ್ದು ಮೊದಲ ಸಲವಲ್ಲ ಎಂದು ತಿಳಿಯಬಹುದು.

ನಗುವವರನ್ನು ಮರೆಯಬೇಡಿ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದಂತೆ, ಪೀಡನೆಯಲ್ಲಿ ಪೀಡಕ ಮತ್ತು ಬಲಿಯಾದವರಲ್ಲದೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಸುಮ್ಮನೆ ನೋಡುವವರು ಮತ್ತು ಪರವಾಗಿ ನಿಲ್ಲುವವರು ಇರುತ್ತಾರೆ. ಮುಂದೆ ಆ ದೇಶದ ಶಾಲೆಗಳಲ್ಲಿ ಹರಡಿದ, ಪೀಡನೆ ತಡೆಯುವ ಕಿವ ಕಾರ್ಯಕ್ರಮ ಮುಖ್ಯವಾಗಿ ನೋಡುಗರನ್ನೇ ಉದ್ದೇಶಿಸಿದ್ದು. ಶಿಕ್ಷಕರ ಬಹುಪಾಲು ಶ್ರಮ ಪೀಡಕನನ್ನು ತಿದ್ದುವುದರಲ್ಲಿ ಕಳೆದುಹೋಗುತ್ತದೆ. ನಗುವ ನಾಲ್ವರಲ್ಲಿ ಇಬ್ಬರನ್ನು ಪ್ರತ್ಯೇಕವಾಗಿ ಕರೆದು ಮಾತನಾಡಿಸುವುದು ಅದಕ್ಕಿಂತ ಸುಲಭ, ಫಲವೂ ಬೇಗ.

ಗುರಿಯಾಗುವ ಮಗು

ಯಾವ ಮಗು ಗುರಿಯಾಗುತ್ತದೆ ಎಂಬುದನ್ನು ತಿಳಿಯುವುದು ಆ ಮಗುವಿನ ತಪ್ಪು ಹುಡುಕುವುದಕ್ಕಲ್ಲ, ಯಾರ ಮೇಲೆ ಕಣ್ಣಿಡಬೇಕೆಂದು ಗೊತ್ತುಮಾಡಿಕೊಳ್ಳುವುದಕ್ಕೆ. ಒಂಟಿತನ ಮೊದಲ ಸೂಚನೆ. ತರಗತಿಯಲ್ಲಿ ತನ್ನ ಸಮುದಾಯದವರು ತಾನೊಬ್ಬನೇ ಆಗಿರುವ, ವರ್ಷದ ನಡುವೆ ಬಂದು ಸೇರಿದ, ಊಟದ ಹೊತ್ತಿನಲ್ಲಿ ಪಕ್ಕ ಕೂರಲು ಒಬ್ಬ ಗೆಳೆಯನೂ ಇಲ್ಲದ ಮಗುವಿಗೆ ಅಪಾಯ ಹೆಚ್ಚು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಯಾದಗಿರಿ, ರಾಯಚೂರು ಕಡೆಯಿಂದ ಬಂದವರ ಮಕ್ಕಳು ಕನ್ನಡದವರೇ ಆದರೂ 'ಹೋಗ್ಯಾನ್ರಿ', 'ಬಂದಾರ್ರಿ' ಎಂದ ಕೂಡಲೇ ತರಗತಿ ಗೊಳ್ಳೆಂದು ನಗುವುದುಂಟು. ಆಮೇಲೆ ಆ ಮಗು ಓದಲು ಎದ್ದು ನಿಲ್ಲುವುದನ್ನೇ ಬಿಡುತ್ತದೆ. ಒಡಿಶಾ, ಬಿಹಾರ, ನೇಪಾಳದಿಂದ ಬಂದವರ ಮಕ್ಕಳ ಪಾಡು ಇನ್ನೂ ಕಷ್ಟದ್ದು, ಏಕೆಂದರೆ ಬೈದದ್ದು ಅರ್ಥವಾಗುವ ಹೊತ್ತಿಗೆ ದೂರು ಹೇಳುವಷ್ಟು ಕನ್ನಡ ಬಂದಿರುವುದಿಲ್ಲ.

ಚಹರೆ ಬೇರೆಯಾದರೆ ಅಡಗಿಕೊಳ್ಳುವ ದಾರಿಯೂ ಇಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸುತ್ತಿನ ಸಿದ್ದಿ ಸಮುದಾಯದವರು ತಲೆಮಾರುಗಳಿಂದ ಕನ್ನಡ, ಕೊಂಕಣಿ ಆಡುತ್ತ ಇಲ್ಲಿಯೇ ಬಾಳಿದವರು. ಆದರೂ ಅವರ ಮಕ್ಕಳ ಕೂದಲು ಮತ್ತು ಮೈಬಣ್ಣ ಇಂದಿಗೂ ಗೇಲಿಯ ವಸ್ತು. ಈಶಾನ್ಯ ರಾಜ್ಯಗಳವರದೂ ಇದೇ ಕಥೆ. 2014ರ ಜನವರಿಯಲ್ಲಿ ದೆಹಲಿಯಲ್ಲಿ ಅರುಣಾಚಲ ಪ್ರದೇಶದ ತರುಣನೊಬ್ಬ, ತನ್ನ ಕೂದಲು ಮತ್ತು ರೂಪದ ಗೇಲಿಯಿಂದ ಆರಂಭವಾದ ಜಗಳದಲ್ಲಿ ಏಟು ತಿಂದು ಮೃತಪಟ್ಟ. ಬೇರೆ ಕಡೆ ನೆಲೆಸಿದ ಈಶಾನ್ಯದವರ ಸಮಸ್ಯೆಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿಯನ್ನು ನೇಮಿಸಿದ್ದು ಆ ಸಾವಿನ ನಂತರವೇ.

ಇಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಲಾಸ್ ಏಂಜಲೀಸ್‌ನ ಶಾಲೆಗಳಲ್ಲಿ ಯಾನಾ ಯುವೊನೆನ್ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅದರಂತೆ, ಹಲವು ಜನಾಂಗಗಳ ಮಕ್ಕಳು ಬೆರೆತಿರುವ ತರಗತಿಗಳಲ್ಲಿ ಮಕ್ಕಳು ಹೆಚ್ಚು ಸುರಕ್ಷಿತ ಭಾವ ಹೊಂದಿದ್ದರು, ಕಿರುಕುಳವೂ ಒಂಟಿತನವೂ ಕಡಿಮೆಯಿತ್ತು. ಯಾವ ಒಂದು ಗುಂಪಿಗೂ ಮೇಲುಗೈ ಸಿಗದಿರುವುದು ಇದಕ್ಕೆ ಕಾರಣ ಎಂದು ಅವರ ವಿವರಣೆ. ಎಲ್ಲ ಬಗೆಯ ಮಕ್ಕಳಿರುವುದೇ ತೊಂದರೆಗೆ ಮೂಲ ಎಂದು ಹೇಳುವ ಶಿಕ್ಷಕರಿಗೆ ಇದನ್ನು ತಿಳಿಸಬೇಕು. ಒಂದೇ ಸಮುದಾಯದ ಮೂರು ಮಕ್ಕಳನ್ನು ಮೂರು ವಿಭಾಗಕ್ಕೆ ಒಬ್ಬೊಬ್ಬರಂತೆ ಹಂಚುವ ಬದಲು ಒಂದೇ ವಿಭಾಗದಲ್ಲಿ ಇಡುವುದು ಮೇಲು.

ಶಿಕ್ಷಕರ ಮೌನ

ನೆದರ್ಲೆಂಡಿನ ಟರ್ಕಿ, ಮೊರಾಕೊ, ಸುರಿನಾಮ್ ಮೂಲದ ಮತ್ತು ಡಚ್ ಮಕ್ಕಳ ನಡುವೆ ಮೈಕಲ್ ವರ್ಕೈಟನ್ ಮತ್ತು ಯೋಕೆಮ್ ಥೈಸ್ ನಡೆಸಿದ ಅಧ್ಯಯನದ ಒಂದು ಅಂಶ ನಮಗೆ ನೇರವಾಗಿ ಬೇಕಾದದ್ದು: ಶಿಕ್ಷಕರಿಗೆ ಹೇಳಬಹುದು, ಹೇಳಿದರೆ ಅವರು ಏನಾದರೂ ಮಾಡುತ್ತಾರೆ ಎಂದು ಮಕ್ಕಳು ನಂಬಿದ್ದಲ್ಲಿ ಇಂತಹ ಪೀಡನೆಯ ಅನುಭವ ಕಡಿಮೆಯಿತ್ತು. ಶಿಕ್ಷಕರೇ 'ನಿಮ್ಮ ಜನ ಇಷ್ಟೇ', 'ನೀನು ಓದಿ ಏನು ಮಾಡಬೇಕಾಗಿದೆ' ಎಂದರಂತೂ ಅದು ತರಗತಿಗೆ ಕೊಟ್ಟ ಪರವಾನಗಿ. ಕಸ ಗುಡಿಸಲು, ಶೌಚಾಲಯಕ್ಕೆ ನೀರು ಹಾಕಲು ಯಾವ ಮಕ್ಕಳನ್ನು ಕಳಿಸುತ್ತೇವೆ, ಅತಿಥಿಗಳಿಗೆ ಹಾರ ಕೊಡಲು, ಪ್ರಾರ್ಥನೆ ಹಾಡಲು ಯಾರನ್ನು ನಿಲ್ಲಿಸುತ್ತೇವೆ ಎಂಬುದರ ಒಂದು ತಿಂಗಳ ಪಟ್ಟಿ ಮಾಡಿ ಸ್ಟಾಫ್ ಮೀಟಿಂಗಿನಲ್ಲಿ ಇಡಿ. ಆ ಮೀಟಿಂಗ್ ಹಿತವಾಗಿರುವುದಿಲ್ಲ.

ಊರು, ಜಾತ್ರೆ, ಫೋನು

ಜಾತ್ರೆಯ ತೇರು ಯಾವ ಬೀದಿಗೆ ಹೋಗಬೇಕು, ಜಯಂತಿಯ ಫ್ಲೆಕ್ಸ್ ಯಾರು ಹರಿದರು, ಪಂಚಾಯಿತಿ ಚುನಾವಣೆಯಲ್ಲಿ ಯಾರು ಗೆದ್ದರು ಎಂಬ ಜಗಳ ಶಾಲೆಯ ಗೇಟಿನ ಹೊರಗೆ ನಿಲ್ಲುವುದಿಲ್ಲ. ಅಂತಹ ದಿನಗಳ ಮರುವಾರ ತರಗತಿಯ ಬೆಂಚುಗಳನ್ನು ಗಮನಿಸಿ. ಜೊತೆಗೆ ಕೂರುತ್ತಿದ್ದವರು ಬೇರೆಯಾಗಿದ್ದರೆ ಅದು ಮುನ್ಸೂಚನೆ. ವರ್ಷದ ಆರಂಭದಲ್ಲಿಯೇ ಊರಿನ ಜಾತ್ರೆ, ಉರುಸು, ಜಯಂತಿಗಳ ದಿನಾಂಕಗಳನ್ನು ಶಾಲಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಆ ದಿನಗಳ ಹಿಂದೆ ಮುಂದೆ ಬಸ್ ನಿಲ್ದಾಣದಲ್ಲಿ, ನಲ್ಲಿಯ ಬಳಿ, ಸೈಕಲ್ ಸ್ಟ್ಯಾಂಡಿನಲ್ಲಿ ಒಬ್ಬ ಶಿಕ್ಷಕರು ಇರುವಂತೆ ನೋಡಿಕೊಳ್ಳಬಹುದು. ಜಾತಿ ಹೆಮ್ಮೆಯ ರೀಲ್ಸ್, ಸ್ಟೇಟಸ್‌ಗಳು ಇದೇ ಹೊತ್ತಿನಲ್ಲಿ ಹೆಚ್ಚುತ್ತವೆ. ಮನೆಯ ಫೋನಿನಲ್ಲಿ ನಡೆದದ್ದು ನಮಗೆ ಸಂಬಂಧವಿಲ್ಲ ಎಂದು ಶಾಲೆ ಕೈತೊಳೆದುಕೊಳ್ಳಬಾರದು, ಏಕೆಂದರೆ ನೋಡಿದ ನಲವತ್ತು ಜನರೂ ಬೆಳಿಗ್ಗೆ ಒಂದೇ ಕೊಠಡಿಗೆ ಬರುತ್ತಾರೆ.

ಅಳತೆ ಮಾಡುವುದು ಹೇಗೆ

'ನಿನಗೆ ಯಾರಾದರೂ ಜಾತಿ ಹೆಸರಲ್ಲಿ ಬೈತಾರಾ?' ಎಂದು ಎದುರಿಗೆ ನಿಲ್ಲಿಸಿ ಕೇಳಿದರೆ ಉತ್ತರ 'ಇಲ್ಲ ಸಾರ್' ಎಂದೇ. ಹೆಸರಿಲ್ಲದ ಚೀಟಿ ಮೇಲು, ಆದರೆ ಹತ್ತನೆಯ ತರಗತಿಯ ಶಿಕ್ಷಕರಿಗೆ ಪ್ರತಿ ಮಗುವಿನ ಕೈಬರಹ ಗೊತ್ತಿರುತ್ತದೆ, ಇದು ಮಕ್ಕಳಿಗೂ ಗೊತ್ತು. ಆದ್ದರಿಂದ ಬರೆಯುವ ಪ್ರಶ್ನೆ ಬೇಡ, ಗುರುತು ಹಾಕುವ ಪ್ರಶ್ನೆ ಇರಲಿ. ಕಳೆದ ಒಂದು ತಿಂಗಳಲ್ಲಿ ಮನೆಮಾತು, ಜಾತಿ, ಧರ್ಮ, ಬಣ್ಣ, ಊರು ಇವುಗಳಲ್ಲಿ ಯಾವುದನ್ನು ಹಿಡಿದು ಗೇಲಿ ಮಾಡಿದ್ದನ್ನು ಕೇಳಿದ್ದೀರಿ, ಎಲ್ಲಿ ಕೇಳಿದ್ದೀರಿ, ಆಗ ದೊಡ್ಡವರು ಹತ್ತಿರದಲ್ಲಿದ್ದರೇ, ಅವರು ಏನಾದರೂ ಹೇಳಿದರೇ ಎಂಬಷ್ಟು ಸಾಕು. ಉತ್ತರಿಸುವ ಮಗುವಿನ ಜಾತಿಯನ್ನು ಕೇಳಲೇಬಾರದು. ಒಬ್ಬಳೇ ಸಿದ್ದಿ ಹುಡುಗಿ ಇರುವ ತರಗತಿಯಲ್ಲಿ ಆ ಒಂದು ಗುರುತು ಅವಳ ಸಹಿಯಾಗುತ್ತದೆ. ಶಾಲೆಯ ನಕ್ಷೆಯೊಂದನ್ನು ಕೊಟ್ಟು ಹೋಗಲು ಇಷ್ಟವಿಲ್ಲದ ಜಾಗಕ್ಕೆ ಚುಕ್ಕೆ ಇಡಿ ಎಂದರೆ, ಯಾರನ್ನೂ ಹೆಸರಿಸದೆ, ಚುಕ್ಕೆಗಳು ಎಲ್ಲಿ ದಟ್ಟವಾಗಿವೆ ಎಂಬುದು ತಾನೇ ಕಾಣುತ್ತದೆ. ಚೀಟಿಗಳನ್ನು ತೆರೆಯುವಾಗ ತರಗತಿ ಶಿಕ್ಷಕರ ಬದಲು ಬೇರೆ ತರಗತಿಯವರು ಇರಲಿ.

ಕಂಡುಕೊಂಡ ಮೇಲೆ

ಭಾಷಣದಿಂದ ಹೆಚ್ಚಿನ ಪ್ರಯೋಜನವಿಲ್ಲ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಹೇಳಿದಂತೆ, ಎರಡು ಗುಂಪುಗಳು ಬರೀ ಹತ್ತಿರವಿದ್ದರೆ ಪೂರ್ವಗ್ರಹ ಕರಗುವುದಿಲ್ಲ. ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ ಮತ್ತು ಅಧಿಕಾರದಲ್ಲಿರುವವರ ಬೆಂಬಲ ಬೇಕು. ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಕೊಠಡಿಗೆ ತಂದಾಗ ಹೊಡೆದಾಟಗಳಾದವು. 1971ರಲ್ಲಿ ಎಲಿಯಟ್ ಆರನ್‌ಸನ್ ಅಲ್ಲಿ ರೂಪಿಸಿದ ವಿಧಾನವನ್ನು ನಮ್ಮ ಸಮಾಜ ವಿಜ್ಞಾನದ ಪಾಠಕ್ಕೆ ನಾಳೆಯೇ ಅಳವಡಿಸಬಹುದು. ಪಾಠವನ್ನು ಐದು ಭಾಗ ಮಾಡಿ, ಐವರ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಡಿ. ಒಂದೇ ಭಾಗ ಪಡೆದವರು ಮೊದಲು ಬೇರೆ ಕೂತು ಅದನ್ನು ಕಲಿತು, ಮತ್ತೆ ತಮ್ಮ ಗುಂಪಿಗೆ ಬಂದು ಉಳಿದ ನಾಲ್ವರಿಗೆ ಕಲಿಸಲಿ. ಪರೀಕ್ಷೆ ಇಡೀ ಪಾಠದ ಮೇಲೆ ಇರುವುದರಿಂದ ಆ ಐದನೆಯ ಮಗುವಿನ ಮಾತನ್ನು ಕೇಳದೆ ಯಾರಿಗೂ ಗತಿಯಿಲ್ಲ. ಗುಂಪುಗಳನ್ನು ಶಿಕ್ಷಕರೇ ಮಾಡಬೇಕು, 'ನಿಮಗೆ ಬೇಕಾದವರ ಜೊತೆ ಸೇರಿಕೊಳ್ಳಿ' ಎಂದರೆ ಕೇರಿಗಳೇ ಗುಂಪುಗಳಾಗುತ್ತವೆ.

ಘಟನೆ ನಡೆದೇ ಹೋದರೆ ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ, ದಿನಾಂಕದೊಂದಿಗೆ ಬರೆದಿಡಿ. 'ಅಸಭ್ಯವಾಗಿ ಮಾತನಾಡಿದ' ಎಂದು ನಯಗೊಳಿಸಿದ ದಾಖಲೆ ಮುಂದೆ ಯಾವ ಉಪಯೋಗಕ್ಕೂ ಬಾರದು. ಇಬ್ಬರನ್ನೂ ಬೇರೆ ಬೇರೆಯಾಗಿ ಮಾತನಾಡಿಸಿ. ಪ್ರಾರ್ಥನೆಯ ಸಾಲಿನಲ್ಲಿ ಕ್ಷಮೆ ಕೇಳಿಸುವುದು, ಕೈಕುಲುಕಿಸಿ ಕಳಿಸುವುದು ನೊಂದ ಮಗುವನ್ನು ಮತ್ತೊಮ್ಮೆ ಎಲ್ಲರೆದುರು ನಿಲ್ಲಿಸಿದಂತೆ. ವಿಭಾಗ ಬದಲಿಸಲೇಬೇಕಾದರೆ ಪೀಡಿಸಿದವನದು ಬದಲಾಗಲಿ. ಪಾಲಕರನ್ನು ಕರೆಸುವ ಮುನ್ನ ಒಂದು ವಿಚಾರಿಸಿಕೊಳ್ಳಿ: ನೊಂದ ಮಗುವಿನ ತಂದೆ ಪೀಡಿಸಿದವನ ಮನೆಯ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದರೆ, ಇಬ್ಬರನ್ನೂ ಒಂದೇ ಮೇಜಿನ ಎರಡು ಬದಿಗೆ ಕೂರಿಸಿದ ಕೂಡಲೇ ರಾಜಿಯಾಗುತ್ತದೆ, ಮತ್ತು ಆ ರಾಜಿಗೆ ಅರ್ಥವಿಲ್ಲ. ಎಸ್‌ಡಿಎಂಸಿಯಲ್ಲಿ ನೆಂಟರಿದ್ದರೆ ಅವರು ಆ ವಿಚಾರಣೆಯಿಂದ ಹೊರಗಿರಲಿ.

ಪರಿಶಿಷ್ಟ ಜಾತಿ ಅಥವಾ ಪಂಗಡದ ವ್ಯಕ್ತಿಯನ್ನು ಆ ಸಮುದಾಯಗಳಿಗೆ ಸೇರದವರು ಸಾರ್ವಜನಿಕರ ಕಣ್ಣಿಗೆ ಕಾಣುವ ಜಾಗದಲ್ಲಿ ಜಾತಿ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಆರೋಪಿ ಹದಿನೆಂಟು ತುಂಬದವನಾದರೆ ಅವನ ವಿಚಾರ ಹೋಗುವುದು 2015ರ ಬಾಲನ್ಯಾಯ ಕಾಯ್ದೆಯಂತೆ ಬಾಲನ್ಯಾಯ ಮಂಡಳಿಯ ಮುಂದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆಯಾದರೂ ಅದರ ವ್ಯಾಪ್ತಿ 14 ವರ್ಷದವರೆಗೆ, ಎಂಟನೆಯ ತರಗತಿಗೆ ಮುಗಿಯುತ್ತದೆ. ಒಂಬತ್ತು, ಹತ್ತನೆಯ ತರಗತಿಯವರಿಗೆ ರಾಜ್ಯದ 2016ರ ಮಕ್ಕಳ ರಕ್ಷಣಾ ನೀತಿ ಹೇಳುವ ಶಾಲಾ ಸಮಿತಿಯೇ ಹತ್ತಿರದ ಆಸರೆ. ಅದು ಕಾಗದದಲ್ಲಷ್ಟೇ ಇದೆಯೇ ಎಂದು ನೋಡಿ. ಮಕ್ಕಳ ಸಹಾಯವಾಣಿ 1098ನ್ನು ಕಚೇರಿಯ ಗೋಡೆಗಿಂತ ಶೌಚಾಲಯದ ಹಾದಿಯಲ್ಲಿ ಬರೆಸಿದರೆ ಯಾರೂ ನೋಡದಂತೆ ಓದಿಕೊಳ್ಳಬಹುದು.

ನೊಂದ ಮಗುವನ್ನು ವಾರದ ನಂತರ ಒಮ್ಮೆ, ತಿಂಗಳ ನಂತರ ಇನ್ನೊಮ್ಮೆ ಏಕಾಂತದಲ್ಲಿ ಕೇಳಿ, ಮತ್ತು ಎರಡನೆಯ ಸಲ ಕೇಳುವವರು ಬೇರೆ ಶಿಕ್ಷಕರಾಗಿರಲಿ. ನಿಮಗೆ ವರ್ಗಾವಣೆಯಾದರೆ ಚುಕ್ಕೆಗಳ ನಕ್ಷೆಯನ್ನೂ ಘಟನೆಗಳ ಪುಸ್ತಕವನ್ನೂ ಬೀಗದ ಕೈಗಳ ಜೊತೆಯಲ್ಲೇ ಮುಂದಿನ ಮುಖ್ಯ ಶಿಕ್ಷಕರಿಗೆ ಸಹಿ ಹಾಕಿಸಿಕೊಂಡು ಒಪ್ಪಿಸಿ.